ಬೇಕರಿ ಮನೆಯ ಬಹುವಚನ

ಸಿಟ್ಟು ಬಂದಾಗ ಲೋಕದ ಜನ ದನಿ ಏರಿಸುತ್ತಾರೆ. ಮೂಲೆಯ ಬೇಕರಿಯ ಮಾಸ್ತರ ಮಾತ್ರ ದನಿಯನ್ನು ಇದ್ದಲ್ಲಿಯೇ ಇರಿಸಿ ಎದುರಿಗಿದ್ದವರ ದರ್ಜೆಯನ್ನು ಏರಿಸುತ್ತಿದ್ದ. ರಸ್ಕು ಕರಕಲಾದ ದಿನ ಅವನ ಹೆಂಡತಿ 'ಯಜಮಾನಿಯವರು' ಆಗುತ್ತಿದ್ದಳು. ಶಾಲೆಯಿಂದ ತಡವಾಗಿ ಬಂದ ಕಿರಿಮಗಳು 'ಸರ್ಕಾರದವರು' ಆಗುತ್ತಿದ್ದಳು. ಉಬ್ಬದೆ ಕುಳಿತ ಹಿಟ್ಟಿನ ಮುದ್ದೆಯ ಮುಂದೆಯೂ ಅವನು ಸೊಂಟ ಬಗ್ಗಿಸಿ, "ತಮಗೆ ಇನ್ನೂ ಏಳೋ ಮನಸ್ಸಿಲ್ವೋ? ಹೊದಿಕೆ ತರಿಸ್ಲೋ?" ಎಂದು ಕೇಳಿದ್ದುಂಟು. ಮರ್ಯಾದೆ ಕೊಟ್ಟರೆ ಮನುಷ್ಯ ತಲೆ ಎತ್ತುತ್ತಾನೆ ಎನ್ನುವುದು ಹೊರಗಿನ ಲೆಕ್ಕ. ಆ ಮನೆಯೊಳಗೆ ಮರ್ಯಾದೆ ಬಂತೆಂದರೆ ಎಲ್ಲರೂ ತಲೆ ತಗ್ಗಿಸುತ್ತಿದ್ದರು.

ಮುಂದೆ ಅಂಗಡಿ, ನಡುವೆ ಒಲೆಯ ಕೋಣೆ, ಹಿಂದೆ ಮನೆ. ಅಂಗಡಿಗೂ ಒಲೆಯ ಕೋಣೆಗೂ ನಡುವೆ ಹಳೆಯ ಮೈದಾಚೀಲಗಳನ್ನು ಬಿಚ್ಚಿ ಹೊಲಿದ ಒಂದು ಪರದೆ. ಗಾಜಿನ ಕಪಾಟಿನ ಹಿಂದೆ ಹೆಂಡತಿ ಕುಳಿತು ಮಾರುತ್ತಿದ್ದಳು. ಬಾಗಿಲ ಬಳಿಯ ಸ್ಟೂಲಿನ ಮೇಲೆ ಮಾಸ್ತರನ ತಾಯಿ ಕಾಗದದ ಚೀಲ ಅಂಟಿಸುತ್ತಿದ್ದಳು. ಅವಳನ್ನು ಮನೆಯವರಷ್ಟೇ ಅಲ್ಲ, ಬೀದಿಯೂ ಅಜ್ಜಿ ಎಂದೇ ಕರೆಯುತ್ತಿತ್ತು. ಕಿರಿಯಳಿಗೆ ಹೆಸರು 'ಚಿಕ್ಕವಳು' ಎಂದೇ ಆಗಿಹೋಗಿತ್ತು. ಹಿರಿಮಗಳು ಗುಬ್ಬಿ. ಇಪ್ಪತ್ತು ದಾಟಿದ ಮೇಲೂ ಗುಬ್ಬಿಯೇ.

ಬೇಕರಿಗೆ ಹೆಸರು ಬಂದದ್ದು ಮಾಸ್ತರನ ಬನ್ನಿನಿಂದ. ಉಳಿದದ್ದು ಗುಬ್ಬಿಯ ಕೈಯಿಂದ. ಕೇಕಿನ ಮೇಲೆ ಕ್ರೀಮಿನ ಕೋನು ಹಿಡಿದು ಅವಳು ಹೆಸರು ಬರೆದರೆ, ಉದ್ದದ ಹೆಸರು ಸಣ್ಣ ಕೇಕಿನ ಮೇಲೂ ಮೈಕೈ ತಾಗಿಸಿಕೊಳ್ಳದೆ ಕೂರುತ್ತಿತ್ತು. ಎದುರುಬೀದಿಯ ಗಡಿಯಾರದಂಗಡಿಯವನ ಹೆಂಡತಿಗೆ ಮೊಮ್ಮಕ್ಕಳ ದೊಡ್ಡ ಸೈನ್ಯವೇ ಇತ್ತು. ಅವಳು ಬಂದು, "ಕೇಕು ಯಾರಾದ್ರೂ ಸುಡ್ಲಿ, ಹೆಸರು ಮಾತ್ರ ಗುಬ್ಬಿ ಕೈಯಲ್ಲೇ ಬರೆಸಿ" ಎನ್ನುತ್ತಿದ್ದಳು. ಮಾಸ್ತರನ ಅಕ್ಷರವೋ, ನೊಣ ಶಾಯಿಯಲ್ಲಿ ಬಿದ್ದು ಕಾಗದದ ಮೇಲೆ ನಡೆದ ಹಾಗೆ.

ಸಂಗತಿ ಹೊರಬಿದ್ದದ್ದು ಒಂದು ಬುಧವಾರದ ಮಧ್ಯಾಹ್ನ. ಅಂಗಡಿಯ ಬಾಗಿಲು ಅರ್ಧ ಎಳೆದು ಎಲ್ಲರೂ ಊಟಕ್ಕೆ ಕುಳಿತಿದ್ದರು. ಒಂದು ತಟ್ಟೆ ಮುಚ್ಚಿಟ್ಟಂತೆಯೇ ಇತ್ತು.

"ಗುಬ್ಬಿ ಎಲ್ಲಿ?" ಎಂದ ಮಾಸ್ತರ.

"ಬುಧವಾರ ಅಲ್ವಾ ಅಪ್ಪ, ಮಾತಾಡೋ ಡಾಕ್ಟ್ರ ಹತ್ರ ಹೋಗಿದಾಳೆ," ಎಂದಳು ಚಿಕ್ಕವಳು. ಹೇಳಿದ ಮೇಲೆ ತಾಯಿಯ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು.

"ಮಾತಾಡೋ ಡಾಕ್ಟ್ರು ಅಂದ್ರೆ? ಮಿಕ್ಕ ಡಾಕ್ಟ್ರೆಲ್ಲ ಮೂಗರಾ?"

ಹೆಂಡತಿ ಸೌಟು ಕೆಳಗಿಟ್ಟಳು. "ಆಪ್ತಸಲಹೆಯವರು ರೀ. ಹಿಂದೆ ಅವಳು ಊಟ ಬಿಟ್ಟಿದ್ಲಲ್ಲ, ಆಗ ನಾನೇ ಕರ್ಕೊಂಡು ಹೋದೆ. ಈಗ ಅವಳೇ ಹೋಗ್ತಾಳೆ."

"ಅಲ್ಲಿ ಏನು ಮಾತಾಡ್ತಾರೆ?"

"ಅವ್ರು ಕೇಳಿಸ್ಕೊಳ್ಳೋದೇ ಜಾಸ್ತಿ."

"ಕೇಳಿಸ್ಕೊಳ್ಳೋಕೂ ಒಬ್ರು ಬೇಕಾ? ನಮ್ಮನೇಲಿ ಮಾತಿಗೆ ಏನು ಬರ? ಬಿಟ್ಟಿ ಸಿಗತ್ತೆ."

"ಬಿಟ್ಟಿ ಕೊಟ್ರೂ ಯಾರೂ ತಗೊಳ್ಳದ ಮಾಲು ಕಣೋ ನಿಂದು," ಎಂದಳು ಅಜ್ಜಿ, ಆಲೂಗಡ್ಡೆ ಹಿಸುಕುತ್ತ.

ಅಷ್ಟರಲ್ಲಿ ಗುಬ್ಬಿ ಬಂದಳು. ಚಪ್ಪಲಿ ಬಿಟ್ಟು, ಕೈತೊಳೆದು, ತಟ್ಟೆಯ ಮುಂದೆ ಕುಳಿತಳು. ಯಾರೂ ಮಾತಾಡದ್ದನ್ನು ನೋಡಿ ಅವಳಿಗೆ ಎಲ್ಲ ತಿಳಿಯಿತು.

"ಅಪ್ಪ, ನಾನೇ ಹೇಳ್ಬೇಕು ಅಂತಿದ್ದೆ," ಎಂದಳು. "ಎಲ್ಲರೂ ನನ್ನ ಹುಡುಗಿ ಅಂತಾರೆ. ನಂಗದು ಬೇರೆ ಯಾರದೋ ಹೆಸರು ಬರೆದಿರೋ ಕೇಕನ್ನ ನನ್ನ ಮುಂದಿಟ್ಟು, ಕತ್ತರಿಸು, ಕತ್ತರಿಸು ಅಂತ ಚಪ್ಪಾಳೆ ತಟ್ಟಿದಂಗೆ ಇರತ್ತೆ. ಹಂಗಂತ ನಾನು ಹುಡುಗ ಅಂತಾನೂ ಹೇಳ್ತಿಲ್ಲ. ಏನು ಅಂತ ನೋಡ್ಕೋಬೇಕು. ಅದಕ್ಕೇ ಅಲ್ಲಿಗೆ ಹೋಗೋದು."

ಮಾಸ್ತರ ಕೈಯಲ್ಲಿದ್ದ ಬ್ರೆಡ್ಡಿನ ಚೂರನ್ನು ತಟ್ಟೆಗೆ ಮರಳಿಸಿದ. ಅವನ ಎದೆಯಲ್ಲಿ ಹುಟ್ಟಿದ್ದು ಹೆದರಿಕೆ. ಆದರೆ ಆ ಮನುಷ್ಯನಿಗೆ ಹೆದರಿಕೆ ಕೂಡ ಬಾಯಿಗೆ ಬರುವಷ್ಟರಲ್ಲಿ ಕೊಂಕಾಗಿ ಬೆಂದಿರುತ್ತಿತ್ತು.

"ಚಿಕ್ಕವಳೇ, ಸದ್ದು ಮಾಡ್ಬೇಡ," ಎಂದ. "ದೊಡ್ಡವರು ಯೋಚನೆ ಮಾಡ್ತಾ ಇದಾರೆ. ತೀರ್ಮಾನ ಆದ್ಮೇಲೆ ಡಂಗುರ ಹೊಡಿಸ್ತಾರೆ, ಅಲ್ಲೀವರೆಗೆ ನಾವು ತೆಪ್ಪಗೆ ಉಣ್ಣೋಣ."

ಅಂದಿನಿಂದ ಆ ಮನೆಯಲ್ಲಿ ಬಹುವಚನದ ಸುರಿಮಳೆ. "ದೊಡ್ಡವರು ಎದ್ರಾ?" "ದೊಡ್ಡವರು ಕ್ರೀಮು ಕಲಸ್ತಿದಾರಾ, ಇಲ್ಲಾ ಇನ್ನೂ ಯೋಚನೇಲೇ ಇದಾರಾ?" ಗುಬ್ಬಿ ಕ್ಷೌರದಂಗಡಿಗೆ ಹೋಗಿ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡು ಬಂದ ದಿನ, "ದೊಡ್ಡವರು ತಲೆಭಾರ ಇಳಿಸ್ಕೊಂಡು ಬಂದಿದಾರೆ, ಎಲ್ಲರೂ ಎದ್ದು ನಿಲ್ಲಿ." ಅವಳೆದುರು ಮಾತ್ರವಲ್ಲ, ಅವಳು ಪಕ್ಕದ ಕೋಣೆಯಲ್ಲಿದ್ದಾಗಲೂ ಹೆಂಡತಿಯನ್ನು ಕೇಳುವುದು ಹಾಗೆಯೇ: "ಉಂಡ್ರಾ? ಮಲಗಿದ್ರಾ? ಹೊರಗೆ ಹೋದ್ರಾ?"

ಹೆಂಡತಿ ಗುಬ್ಬಿ ಈಗ ಅತ್ತಾಳು, ಆಗ ಅತ್ತಾಳು ಎಂದು ಕಾದಳು. ಆದದ್ದೇ ಬೇರೆ. ಗುಬ್ಬಿ ಎರಡನೆಯ ಸಲ ಬಡಿಸಿಕೊಂಡು ಉಣ್ಣತೊಡಗಿದಳು. ತಂಗಿಯೊಡನೆ ಕಿತ್ತಾಡಿ ಬಚ್ಚಲುಮನೆ ಮೊದಲು ಹಿಡಿಯತೊಡಗಿದಳು. ಕೇಕುಗಳ ಮೇಲೆ ಯಾರೂ ಕೇಳದ ಎಲೆ, ಬಳ್ಳಿಗಳೂ ಮೂಡಿದವು. ಗಡಿಯಾರದಂಗಡಿಯವನ ಹೆಂಡತಿ, "ಏನು ಗುಬ್ಬಿ, ಕೈಗೆ ರೆಕ್ಕೆ ಬಂದಿದೆ?" ಎಂದು ಕೇಳಿ ಹೋದಳು.

ಮಾಸ್ತರನಿಗೆ ಇದು ಅರಗಲಿಲ್ಲ. ಹೊಡೆದ ಕೋಲೇ ಚಿಗುರಿದರೆ ಹೊಡೆದವನು ಏನು ಮಾಡಬೇಕು? ಅವನು ಹೆಂಡತಿಯ ಮೇಲೆ ತಿರುಗಿದ.

"ಇಷ್ಟು ವಾರ ಆಯ್ತು. ಆಯಮ್ಮ ಏನಂತಾಳೆ? ಹುಡುಗಿನೋ, ಹುಡುಗನೋ?"

"ಅವ್ರು ಏನೂ ಅನ್ನಲ್ಲ. ಅದನ್ನ ಹೇಳೋದು ಗುಬ್ಬಿ, ಅದೂ ಗೊತ್ತಾದಾಗ, ಗೊತ್ತಾದಷ್ಟು, ಅಂತಾರೆ."

"ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಮಾತಾಡೋದು ಅಂದ್ರೆ ಇದೇ."

ಅಜ್ಜಿ ಅಂಟಿನ ಬಟ್ಟಲಿನಿಂದ ಬೆರಳೆತ್ತಿದಳು. "ಅಲ್ಲ ಕಣೋ, ದೀಪಾನ ಅಡ್ಡಗೋಡೆ ಮೇಲೆ ಯಾಕಿಡ್ತಾರೆ? ಎರಡು ಕೋಣೆಗೂ ಬೆಳಕು ಬೀಳ್ಲಿ ಅಂತ ತಾನೆ? ಹುಡುಕೋರು ಯಾವ ಕೋಣೇಲಿದಾರೋ, ಪಾಪ."

ಆ ಗಾದೆಯನ್ನು ಅಷ್ಟು ವರ್ಷ ಆಡಿದ್ದರೂ ಹಾಗೆ ಯಾರೂ ತಿರುಗಿಸಿ ನೋಡಿರಲಿಲ್ಲ. ಮಾಸ್ತರ ಒಲೆಯ ಬಾಗಿಲನ್ನು ಸುಮ್ಮನೆ ತೆರೆದು ಮುಚ್ಚಿದ.

ಆದರೆ ಹೆಂಡತಿ ಬಿಡಲಿಲ್ಲ. ಅವಳು ಕೋಪಿಸಿಕೊಳ್ಳುವುದು ಅಪರೂಪ. ಕೋಪಿಸಿಕೊಂಡಾಗ ಪಾತ್ರೆ ತೊಳೆಯುತ್ತ, ಗಂಡನಿಗೆ ಬೆನ್ನು ತೋರಿಸಿ ಮಾತಾಡುತ್ತಿದ್ದಳು.

"ನಿಮ್ಮ ಕೊಂಕು ನಂಗೆ ರೂಢಿ ಆಗಿದೆ. ಮದುವೆ ಆದ್ಮೇಲೆ ನೀವು ನನ್ನ ಎಷ್ಟು ಸಲ 'ಯಜಮಾನಿಯವರು' ಮಾಡಿದೀರೋ, ಅಷ್ಟು ಸಲ ಗೋಡೆ ಕಡೆ ತಿರುಗಿ ಕಣ್ಣೊರೆಸ್ಕೊಂಡಿದೀನಿ. ಅದು ಹೋಗ್ಲಿ. ಗುಬ್ಬಿ ಹತ್ರ ಮಾತ್ರ ಬೇಡ. ಅದು ಮನೆ ಬಿಟ್ಟು ಹೋದ್ರೆ ನಾನು ನಿಮ್ಮ ಜೊತೆ ಒಂದು ಮಾತೂ ಆಡಲ್ಲ. ಆಗ ಒಲೆ ಮುಂದೆ ನಿಂತ್ಕೊಂಡು ಅದಕ್ಕೇ ಮರ್ಯಾದೆ ಕೊಡಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಾಸ್ತರನೇ ಚಿಕ್ಕವಳಿಗೆ ಹೇಳಿಕೊಟ್ಟಿದ್ದ. ಅವನು ಕೆಟ್ಟವನಲ್ಲ. ಒಳಗಿನ ಪ್ರೀತಿಗೆ ಹೊರಗೆ ಬರಲು ಬೇರೆ ಬಾಗಿಲು ಇರಲಿಲ್ಲ, ಅಷ್ಟೆ. ಮರುದಿನದಿಂದ ಬದಲಾಗುತ್ತೇನೆ ಎಂದು ನಿಶ್ಚಯಿಸಿದ. ನಿಶ್ಚಯಿಸಿದ್ದನ್ನು ಮಾಡಿಯೂ ಮಾಡಿದ.

"ಬಾರಮ್ಮ ಮಗಳೇ, ಬಿಸಿ ಬನ್ನು ತೆಗೆದಿಟ್ಟಿದೀನಿ."

ಚಿಕ್ಕವಳ ಕೈಯಲ್ಲಿದ್ದ ಲೋಟ ಅರ್ಧದಲ್ಲಿ ನಿಂತಿತು. ಅಜ್ಜಿ ಮಗನ ಕಡೆ ಕತ್ತು ಚಾಚಿ ನೋಡಿದಳು.

"ನನ್ನ ಹೆಣ್ಣೇ, ಇಷ್ಟು ಹೊತ್ತು ನಿಂತು ಕೆಲಸ ಮಾಡ್ಬೇಡ ಕಣೇ, ಕಾಲು ನೋಯತ್ತೆ. ನಮ್ಮ ಹುಡುಗಿ ಎಷ್ಟು ಚೆನ್ನಾಗಿ ಬರೆದಿದಾಳೆ ನೋಡೇ," ಎಂದು ಹೆಂಡತಿಯನ್ನೂ ಕರೆದು ತೋರಿಸಿದ. ಗಿರಾಕಿಗಳ ಮುಂದೆಯೂ "ನನ್ನ ಮಗಳು" ಎಂದು ಹೆಗಲ ಮೇಲೆ ಕೈಯಿಟ್ಟ. ಹೆಂಡತಿಗೆ ಎದೆ ಹಗುರವಾಯಿತು.

ಗುಬ್ಬಿ ಮಾತ್ರ ಬಾಡಿದಳು. ಮೊದಲು ಎರಡನೆಯ ಸಲ ಬಡಿಸಿಕೊಳ್ಳುವುದು ನಿಂತಿತು; ಆಮೇಲೆ ಮೊದಲನೆಯ ಸಲ ಬಡಿಸಿದ್ದೇ ಉಳಿಯತೊಡಗಿತು. ಕೇಕಿನ ಮೇಲಿನ ಬಳ್ಳಿಗಳು ಉದುರಿ ಬರಿಯ ಹೆಸರು ಉಳಿಯಿತು. ಒಂದು ದಿನ ಹೆಸರೂ ಅಂಚಿಗೆ ಜಾರಿ ಹೋಗಿತ್ತು, ಗಿರಾಕಿ ಹಿಂದಿರುಗಿಸಿದ. ಹಿಂದೆಯಾಗಿದ್ದರೆ ಮಾಸ್ತರ ಅದಕ್ಕೆ ಒಂದು ವಾರದ ಕೊಂಕು ಹುಟ್ಟಿಸುತ್ತಿದ್ದ. ಈಗ, "ಇರ್ಲಿ ಬಿಡೇ ಮಗಳೇ" ಎಂದ. ಗುಬ್ಬಿ ಕೋನನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು.

ಆ ವಾರದ ಕೊನೆಗೆ, ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಹೇಳಿದಳು: "ಹೊಳೆಯಾಚೆ ಕೇಕಂಗಡೀಲಿ ಕೆಲಸ ಸಿಕ್ಕಿದೆ. ಗೆಳತಿ ರೂಮಲ್ಲಿ ಜಾಗ ಇದೆ. ತಿಂಗಳು ಮುಗಿದ್ಮೇಲೆ ಅಲ್ಲಿಗೇ ಹೋಗ್ತೀನಿ."

ಯಾರ ಚಹಾವೂ ಖಾಲಿಯಾಗಲಿಲ್ಲ. ಗುಬ್ಬಿ ಎದ್ದುಹೋದ ಮೇಲೆ ಮಾಸ್ತರ ತಾಯಿಯ ಸ್ಟೂಲಿನ ಪಕ್ಕ ನೆಲದ ಮೇಲೆ ಕುಕ್ಕರಿಸಿದ.

"ಅಮ್ಮ, ಬೈದಾಗ ಉಂಡ್ಲು. ಮುದ್ದು ಮಾಡಿದ್ರೆ ಹೊರಟ್ಲು. ಇದ್ಯಾವ ಸೀಮೆ ನ್ಯಾಯ?"

"ನಂಗೇನೋ ಗೊತ್ತು," ಎಂದಳು ಅಜ್ಜಿ. "ಕೇಳಿಸ್ಕೊಳ್ಳೋಕೆ ಒಬ್ರು ಇದಾರಲ್ಲ. ಹೋಗು. ಕೊಂಕು ಮನೇಲಿಟ್ಟು ಹೋಗು."

ಮಾಸ್ತರ ತಾನೂ ಬರುತ್ತೇನೆಂದಾಗ ಗುಬ್ಬಿ ಮೊದಲು ಸಲಹೆಗಾರ್ತಿಯನ್ನು ಕೇಳಿ, ಆಕೆ "ನಿನಗೆ ಇಷ್ಟ ಇದ್ರೆ ಮಾತ್ರ" ಎಂದ ಮೇಲೆ, ಮುಂದಿನ ಬುಧವಾರ ತಂದೆಯನ್ನು ಕರೆದೊಯ್ದಳು. ಬಣ್ಣದಂಗಡಿಯ ಮೇಲಿನ ಮಹಡಿ. ಕೋಣೆಯಲ್ಲಿ ಮೂರು ಕುರ್ಚಿ, ಒಂದು ಹೂಜಿ, ಬಸ್ಸಿನ ಸದ್ದು ಒಳಗೆ ಬಿಡುವ ಒಂದು ಕಿಟಕಿ. ಬರಿಗೈಯಲ್ಲಿ ಹೋಗಬಾರದೆಂದು ಮಾಸ್ತರ ಒಂದು ಚೀಲ ಬನ್ನು ತಂದಿದ್ದ. ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆಯೇ ಇಟ್ಟುಕೊಂಡ.

ಸಲಹೆಗಾರ್ತಿ ನಡುವಯಸ್ಸಿನ, ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡ ಹೆಂಗಸು. ಅವಳು ಏನಾದರೂ ಕೇಳುವ ಮೊದಲೇ ಮಾಸ್ತರ ಶುರುಮಾಡಿದ.

"ನಮ್ಮ ಮಗಳಿಗೆ ನೀವು ಏನು ಹೇಳ್ಕೊಡ್ತೀರಿ?"

"ಹೇಳ್ಕೊಡೋದು ಏನೂ ಇಲ್ಲ. ಜೊತೇಲಿ ಕೂತ್ಕೋತೀನಿ."

"ನೋಡಿ, ಹುಡುಗಿನೋ ಅಲ್ವೋ, ಕಡ್ಡಿ ಮುರಿದಂಗೆ ಹೇಳ್ಬಿಡಿ. ಯಾವುದಾದ್ರೂ ತಡ್ಕೋತೀನಿ. ಈ ಕಾಯೋದು ಆಗಲ್ಲ."

"ನಾನು ಹೇಳಿದ್ರೆ ಅದು ನನ್ನ ಮಾತಾಗತ್ತೆ, ಗುಬ್ಬಿದಾಗಲ್ಲ. ಕೊನೆಗೆ ಹುಡುಗಿ ಅಂತಾನೇ ಅನ್ನಿಸ್ಬಹುದು. ಅಲ್ಲ ಅಂತ ಅನ್ನಿಸ್ಬಹುದು. ಎರಡೂ ಅಲ್ಲದ್ದೂ ಇರ್ಬಹುದು. ಯಾರೂ ಹಿಂದಿಂದ ತಳ್ಳದೆ, ಮುಂದಿಂದ ಎಳೀದೆ ನೋಡ್ಕೊಳ್ಳೋಕೆ ಒಂದು ಜಾಗ ಬೇಕು. ನನ್ನ ಕೆಲಸ ಆ ಜಾಗ ಕಾಯೋದು."

"ಎಷ್ಟು ದಿನ ಹಿಡಿಯತ್ತೆ?"

"ಗೊತ್ತಿಲ್ಲ."

ಗೊತ್ತಿಲ್ಲ ಎನ್ನುವುದಕ್ಕೆ ಬಾಗಿಲಿಗೆ ಬೋರ್ಡು ಬೇರೆ, ಎಂಬ ಮಾತು ಅವನ ನಾಲಿಗೆಯ ತುದಿಯವರೆಗೆ ಬಂದಿತ್ತು. ತಾಯಿಯ ಮಾತು ನೆನಪಾಗಿ ನುಂಗಿಕೊಂಡ.

ಸಲಹೆಗಾರ್ತಿ ಗುಬ್ಬಿಯ ಕಡೆ ತಿರುಗಿದಳು. "ಮನೆಯಿಂದ ಯಾಕೆ ಹೋಗ್ಬೇಕು ಅನ್ನಿಸ್ತು ಅಂತ ನಿಮ್ಮಪ್ಪಂಗೆ ಹೇಳೋಕೆ ಇಷ್ಟ ಇದ್ಯಾ? ಇಲ್ದಿದ್ರೆ ಬೇಡ. ನಾವು ಬನ್ನು ತಿನ್ನೋಣ."

ಗುಬ್ಬಿ ಸ್ವಲ್ಪ ನಕ್ಕಳು. ಆಮೇಲೆ ತಂದೆಯನ್ನಲ್ಲ, ಹೂಜಿಯನ್ನು ನೋಡುತ್ತ ಹೇಳಿದಳು:

"ಅಪ್ಪ, ನೀವು ಕೆಲವು ವಾರ 'ದೊಡ್ಡವರು ಬಂದ್ರಾ, ಉಂಡ್ರಾ' ಅಂತಿದ್ರಲ್ಲ."

"ಅದಕ್ಕೇ ಮಗಳೇ, ಕ್ಷಮೆ ಕೇಳೋಣ ಅಂತಾನೇ…"

"ಅದನ್ನ ಯಾಕೆ ನಿಲ್ಲಿಸಿದ್ರಿ?"

ಮಾಸ್ತರನ ತೊಡೆಯ ಮೇಲಿನ ಚೀಲ ಸರಿಯಿತು.

"'ನಾನು ಬಂದೆ' ಅಂತ ನಾನೇ ಹೇಳಿದಾಗ, ಬಂದಿದ್ದು ಯಾರು ಅಂತ ಆ ಮಾತು ಕೇಳಲ್ಲ," ಎಂದಳು ಗುಬ್ಬಿ. "ಇನ್ನೊಬ್ರು ನನ್ನ ಬಗ್ಗೆ ಬಾಯಿ ತೆಗೆದ್ರೆ ಸಾಕು, ಬಂದ್ಳು, ಹೋದ್ಳು, ಉಂಡ್ಳು ಅಂತ ಬಾಲದಲ್ಲಿ ಒಂದು ಮೊಳೆ ಹೊಡೀತಾರೆ. ಯಾರದೂ ತಪ್ಪಲ್ಲ, ಮಾತೇ ಹಂಗಿದೆ. ನೀವು ನನ್ನ ಹಂಗಿಸೋಕೆ ಶುರು ಮಾಡಿದ್ರಿ ನೋಡಿ, ಆವಾಗ ಆ ಮೊಳೆ ಇರ್ಲಿಲ್ಲ. ಬಂದ್ರು, ಹೋದ್ರು. ಅಷ್ಟೇ. ಹಂಗಿಸ್ತಿದೀರಿ ಅಂತ ಗೊತ್ತಿತ್ತು. ಆದ್ರೂ ಒಳಗೆ ಕೂತು, ನೀವು ಅಮ್ಮನ್ನ 'ಉಂಡ್ರಾ' ಅಂತ ಕೇಳೋದನ್ನ ಕೇಳಿಸ್ಕೊಂಡ್ರೆ ನಂಗೆ ಊಟ ಸೇರ್ತಿತ್ತು. ಆಮೇಲೆ ನೀವು ಒಳ್ಳೆಯವರಾದ್ರಿ. ಬಾರೇ, ಕಣೇ, ನನ್ನ ಹೆಣ್ಣೇ. ಒಂದೊಂದು ಮುದ್ದಿಗೂ ಒಂದೊಂದು ಮೊಳೆ. ಸಿಟ್ಟಲ್ಲಿ ಹೊಡೆದಿದ್ರೆ ತಿರುಗಿ ಬೈಬಹುದಿತ್ತು. ಪ್ರೀತೀಲಿ ಹೊಡೆದ್ರೆ ಏನು ಮಾಡೋದು?"

ಕಿಟಕಿಯ ಕೆಳಗೆ ಬಸ್ಸೊಂದು ನಿಂತು, ಜನರನ್ನು ಇಳಿಸಿ, ಹೊರಟುಹೋಯಿತು. ಮಾಸ್ತರ ಒಂದು ಲೋಟ ನೀರು ಕುಡಿದ. ಇನ್ನೊಂದು ಲೋಟ ತಾನೇ ಬಗ್ಗಿಸಿಕೊಂಡು ಅದನ್ನೂ ಕುಡಿದ.

"ಸಣ್ಣ ವಯಸ್ಸಲ್ಲಿ ನಿನ್ನ 'ಬಾರೋ ಗುಬ್ಬಿ' ಅಂತಿದ್ದೆ," ಎಂದ. "ಹಂಗನ್ಲಾ?"

"ಅದು ಸರಿಹೋಗತ್ತೋ ಇಲ್ವೋ ಇನ್ನೂ ಗೊತ್ತಿಲ್ಲ ಅಪ್ಪ. ಗೊತ್ತಾದ್ರೆ ಹೇಳ್ತೀನಿ."

"ಹಾಗಾದ್ರೆ ಬೈತಾನೇ ಇರ್ಲಾ?"

ಸಲಹೆಗಾರ್ತಿ ಕನ್ನಡಕ ಮೇಲೇರಿಸಿದಳು. "ಬೈಗುಳ ಬಿಟ್ಟು ಆ ಮಾತು ಮಾತ್ರ ಬರತ್ತಾ, ನೋಡಿ."

ಒಡೆದ ಮೊಟ್ಟೆಯಲ್ಲಿ ಬಿಳಿ ಬೇರೆ, ಹಳದಿ ಬೇರೆ ಮಾಡುವುದು ಬೇಕರಿಯವನಿಗೆ ಕಣ್ಣುಮುಚ್ಚಿ ಮಾಡುವ ಕೆಲಸ. ಮಾತಿನಲ್ಲಿ ಅದೆಷ್ಟು ಕಷ್ಟವೆಂಬುದು ಅವನಿಗೆ ಆ ಮಧ್ಯಾಹ್ನವೇ ತಿಳಿಯಿತು. ಊಟದ ಹೊತ್ತಿಗೆ ಗಂಟಲು ಸರಿಮಾಡಿಕೊಂಡು, "ಗುಬ್ಬಿ ಊಟಕ್ಕೆ ಬಂದ್ರಾ?" ಎಂದ. ನಾಲಿಗೆ ಹಳೆಯ ದಾರಿಯನ್ನೇ ಹಿಡಿದು ಕೊನೆಯಲ್ಲಿ ಕೊಂಕಿತು. ಚಿಕ್ಕವಳು ಕಿಸಕ್ಕನೆ ನಕ್ಕಳು. ಹೆಂಡತಿ, "ಮತ್ತೆ ಶುರುವಾಯ್ತಾ?" ಎಂದು ಸೌಟು ಎತ್ತಿದಳು. ಆ ಮಾತು ಬಾಯಿಗೆ ಬಂದದ್ದೇ ಅಪಾಯವಾಯಿತೆಂದು ಮಾಸ್ತರ ತಟ್ಟೆಯ ಮೇಲೆ ಬಗ್ಗಿದ.

ಮುಂದಿನ ಕೆಲವು ದಿನ ಅವನ ಮಾತುಗಳು ಬಾಲವಿಲ್ಲದೆ ಹುಟ್ಟಿದವು. "ಗುಬ್ಬಿ ಬಂ…? ಊಟ…? ಹಾಲು ತರೋದು ಗುಬ್ಬಿ ತಾನೆ?" ಬಂದಳು ಎನ್ನಲು ಮನಸ್ಸಿಲ್ಲ, ಬಂದರು ಎನ್ನಲು ಬಾಯಿಲ್ಲ. "ಯಾಕೋ, ನಿನ್ನ ಮಾತಿನ ಬಾಲಾನ ಇಲಿ ಕಚ್ಕೊಂಡು ಹೋಗಿದ್ಯಾ?" ಎಂದಳು ಅಜ್ಜಿ. ಈ ಕತೆಯನ್ನು ಹೇಳುತ್ತ ಬಂದವರ ನಾಲಿಗೆಯೂ ಇಲ್ಲಿಂದ ಮುಂದೆ ಹಾಗೆಯೇ ತಡವರಿಸುತ್ತದೆ. ಮಾಸ್ತರನಿಗಿಂತ ಮೊದಲು ದಾಟಿಹೋಗುವುದು ಕತೆಗೆ ನ್ಯಾಯವಲ್ಲ.

ಕೋಣೆಯ ಮೂಲೆಯಲ್ಲಿ ಗುಬ್ಬಿಯ ಚೀಲ ಒಂದೊಂದೇ ಬಟ್ಟೆ ನುಂಗಿ ದಪ್ಪಗಾಗುತ್ತಿತ್ತು. ಮಾಸ್ತರ ಒಲೆಗೂ ಬಚ್ಚಲಿಗೂ ಹೋಗುವಾಗಲೆಲ್ಲ ಅದನ್ನು ಬಳಸಿ ನಡೆಯುತ್ತಿದ್ದ. ಒಂದು ಬೆಳಿಗ್ಗೆ ಕ್ರೀಮಿನ ಮೇಜಿನ ಎದುರು ನಿಂತು ಕೇಳಿಯೇಬಿಟ್ಟ: "ನಾನು ಕಲೀತಾ ಇದೀನಲ್ಲ. ಆದ್ರೂ ಹೋಗ್ಲೇಬೇಕಾ?"

ಗುಬ್ಬಿಯ ಕೈ ನಿಂತಿತು. "ಪ್ರಯತ್ನ ಪಡ್ತಿರೋದು ಕಾಣತ್ತೆ ಅಪ್ಪ. ಆದ್ರೆ ನಿಮ್ಮ ಬಾಯಲ್ಲಿ ಆ ಮಾತು ಯಾವತ್ತೂ ಕೋಲೇ ಆಗಿತ್ತಲ್ಲ. ಅಮ್ಮಂಗೂ ಅದೇ, ಚಿಕ್ಕವಳಿಗೂ ಅದೇ, ಉಬ್ಬದೆ ಇರೋ ಹಿಟ್ಟಿಗೂ ಅದೇ. ನಂಗೆ ಮಾತ್ರ ಅದು ಬೇರೆ ಅಂದ್ರೆ, ಮನಸ್ಸು ನಂಬಿದ್ರೂ ಕಿವಿ ನಂಬಬೇಕಲ್ಲ."

ಅಂಗಡಿಯ ಕಡೆಯಿಂದ ಗಿರಾಕಿಯೊಬ್ಬ ಕರೆದದ್ದು ಕೇಳಿ ಮಾಸ್ತರ ಪರದೆ ಸರಿಸಿ, "ಬನ್ನಿ, ಬನ್ನಿ, ನಿನ್ನೆ ಕಾಣ್ಲೇ ಇಲ್ವಲ್ಲ, ಮನೇಲೆಲ್ಲ ಚೆನ್ನಾಗಿದಾರಾ?" ಎಂದ. ಗಿರಾಕಿ ಹೋದ ಮೇಲೆ ಅಜ್ಜಿ ಚೀಲ ಅಂಟಿಸುತ್ತ, ಯಾರಿಗೋ ಎಂಬಂತೆ ಹೇಳಿದಳು: "ದಾರೀಲಿ ಹೋಗೋರಿಗೆ ಹೂವು. ಮನೇಲಿರೋರಿಗೆ ಮುಳ್ಳು. ಗಿಡ ಒಂದೇ."

ಮಾಸ್ತರ ಅಲ್ಲಿಯೇ ನಿಂತ. ದಿನವಿಡೀ ಗಿರಾಕಿಗಳೊಡನೆ ಅದೇ ಮಾತನ್ನು, ಅದೇ ನಾಲಿಗೆಯಿಂದ, ಮುಳ್ಳಿಲ್ಲದೆ ಆಡುತ್ತಿದ್ದದ್ದು ಅವನ ಗಮನಕ್ಕೆ ಬಂದಿರಲೇ ಇಲ್ಲ.

ಅವನು ಕೊಂಕು ಬಿಟ್ಟ. ಗುಬ್ಬಿಗೆ ಮಾತ್ರವಲ್ಲ, ಎಲ್ಲರಿಗೂ. ಹೆಂಡತಿ ಕಪಾಟಿನಿಂದ ಮೊಟ್ಟೆಯ ಬುಟ್ಟಿ ಇಳಿಸುವಾಗ ಕೈಜಾರಿ ನೆಲವೆಲ್ಲ ಹಳದಿಯಾದಾಗ, ಮನೆಯೆಲ್ಲ ಉಸಿರು ಹಿಡಿದು 'ಯಜಮಾನಿಯವರು' ಬರುವುದನ್ನು ಕಾದಿತು. ಮಾಸ್ತರ ಒರೆಸುವ ಬಟ್ಟೆ ತಂದ. "ಮೊಟ್ಟೆ ಬಿತ್ತು," ಎಂದ. "ಕಾಲು ಜಾರೀತು, ಆ ಕಡೆಯಿಂದ ಬಾ."

ಹೆಂಡತಿ ಅವನ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ವಲ್ಲ."

ಅವನಿಗೆ ಸುಲಭವಾಗಲಿಲ್ಲ. ನಲವತ್ತು ವರ್ಷ ಉಪ್ಪಿನಕಾಯಿ ನೆಕ್ಕಿದ ನಾಲಿಗೆಗೆ ಸಪ್ಪೆ ಗಂಜಿ ಹಾಕಿದಂತೆ, ಆಡಬಹುದಾಗಿದ್ದ ಮಾತುಗಳು ಬಾಯಲ್ಲಿಯೇ ಊರಿ ಊರಿ ಇಳಿಯುತ್ತಿದ್ದವು. ಚಿಕ್ಕವಳು ಬೇಕೆಂದೇ ಶಾಲೆಯಿಂದ ತಡವಾಗಿ ಬಂದು ಎದುರು ನಿಂತು, "ಹೇಳಿ ಅಪ್ಪ, ಸರ್ಕಾರದವರು ಬಂದಿದಾರೆ" ಎಂದು ಕೆಣಕಿದಳು. ಅವನು ತುಟಿ ಕಚ್ಚಿ, "ಕೈತೊಳ್ಕೊಂಡು ಬಾ" ಎಂದಷ್ಟೇ ಹೇಳಿದ. ಆದರೆ ಗುಬ್ಬಿಯ ವಿಷಯಕ್ಕೆ ಬಂದಾಗ ಇನ್ನೂ ಮಾತಿನ ಬಾಲ ಕಡಿಯುವುದೇ. ಹೂವಿನ ಮಾತು ಮನೆಯೊಳಗೆ ಬಾಯಿಗೆ ಬರಲೊಲ್ಲದು. ಎಲ್ಲಿ ಮತ್ತೆ ಕೋಲಾಗುತ್ತದೋ ಎಂಬ ಭಯ.

ತಿಂಗಳ ಕೊನೆ ಬಂತು. ಚೀಲದ ಬಾಯಿ ಕಟ್ಟಿ ಪರದೆಯ ಪಕ್ಕದಲ್ಲಿ ಇಟ್ಟಾಗಿತ್ತು. ಹೊಳೆ ದಾಟುವ ಬಸ್ಸು ಸಂಜೆಗೆ. ಹೆಂಡತಿ ಒಳಗೆ ಬುತ್ತಿ ಕಟ್ಟುತ್ತಿದ್ದಳು. ಕಟ್ಟಿದ್ದನ್ನು ಬಿಚ್ಚಿ ಇನ್ನೊಂದಿಷ್ಟು ತುಂಬಿ ಮತ್ತೆ ಕಟ್ಟುತ್ತಿದ್ದಳು. ಅದಕ್ಕಾಗಿ ಗಾಜಿನ ಕಪಾಟಿನ ಹಿಂದೆ ಮಾಸ್ತರನೇ ನಿಂತಿದ್ದ. ಅಜ್ಜಿ ಸ್ಟೂಲಿನ ಮೇಲಿದ್ದಳು. ಗುಬ್ಬಿ ಪರದೆಯಾಚೆ, ಕೊನೆಯ ಸಲವೆಂದು, ಕ್ರೀಮಿನ ಮೇಜು ಒರೆಸುವ ಕೆಲಸದಲ್ಲಿ.

ಗಡಿಯಾರದಂಗಡಿಯವನ ಹೆಂಡತಿ ಏದುಸಿರು ಬಿಡುತ್ತ ಬಂದಳು.

"ಮಾಸ್ತರೇ, ಇದೊಂದು ಕೇಕು ಕೊಡಿ. ಸಂಜೆಗೇ ಬೇಕು. ಮೊಮ್ಮಗಳ ಹೆಸರು ಬರೀಬೇಕು, ಉದ್ದ ಇದೆ. ನಿಮ್ಮ ಅಕ್ಷರದಲ್ಲಿ ಬೇಡ, ಮಗು ಹೆದರ್ಕೊಳ್ಳತ್ತೆ. ಗುಬ್ಬಿ ಇಲ್ವಾ?"

ಅವಳು ಗಿರಾಕಿ. ಗಿರಾಕಿಯ ಮುಂದೆ ಮಾಸ್ತರನ ನಾಲಿಗೆ ಬೆಳಗಿನಿಂದ ಸಂಜೆಯವರೆಗೆ ಹೂವಿನ ನಾಲಿಗೆ. ಯೋಚಿಸಲು ಅವನಿಗೆ ಹೊತ್ತೇ ಸಿಗಲಿಲ್ಲ.

"ಒಳಗಿದಾರೆ," ಎಂದ. "ಬರ್ತಾರೆ, ಕೂತ್ಕೊಳ್ಳಿ."

ಅಜ್ಜಿಯ ಬೆರಳು ಅಂಟಿನ ಬಟ್ಟಲಲ್ಲಿಯೇ ನಿಂತಿತು. ಒಳಗೆ ಮೇಜು ಒರೆಸುವ ಸದ್ದೂ ನಿಂತಿತು.

"ಯಾರು ಬರ್ತಾರೆ?" ಎಂದಳು ಆ ಹೆಂಗಸು. "ನಾನು ಕೇಳಿದ್ದು ಗುಬ್ಬೀನ."

"ಗುಬ್ಬೀನೇ. ಒಳಗೆ ಕೆಲಸದಲ್ಲಿದಾರೆ."

ಅವಳು ಬಾಯಿ ಮುಚ್ಚಿ ನಕ್ಕಳು. "ಅಯ್ಯ, ಮಕ್ಕಳಿಗೆ ಇಷ್ಟು ಮರ್ಯಾದೇನಾ? ಹಿಂಗೆ ಮರ್ಯಾದೆ ಕೊಟ್ರೆ ತಲೆ ಮೇಲೆ ಕೂತ್ಕೋತಾರೆ ಮಾಸ್ತರೇ."

"ಆಗ್ಲೇ ಕೂತಿದಾರೆ," ಎಂದ ಮಾಸ್ತರ, ಕೇಕನ್ನು ಕಪಾಟಿನಿಂದ ಹೊರತೆಗೆಯುತ್ತ. "ಗುಬ್ಬಿ ತಾನೆ. ತೂಕ ಏನಿಲ್ಲ."

ಅದು ಅವನ ಹಳೆಯ ಚುರುಕು. ಅದರಲ್ಲಿ ಒಂದು ಮುಳ್ಳೂ ಇರಲಿಲ್ಲ. ಅಜ್ಜಿ ತಲೆ ತಗ್ಗಿಸಿ ಚೀಲ ಅಂಟಿಸತೊಡಗಿದಳು, ಅಂಟಿಸಿದ್ದು ತಲೆಕೆಳಗಾಗಿತ್ತು.

"ಅದೇನೋಪ್ಪ," ಎಂದಳು ಗಡಿಯಾರದಂಗಡಿಯವನ ಹೆಂಡತಿ, ಇನ್ನೂ ನಗುತ್ತ. "ನೀವು ಅಂದ್ಮೇಲೆ ನಾನೂ ಹಂಗೇ ಕೇಳ್ಬೇಕಲ್ಲ. ಬರೋ ವಾರ ಸಣ್ಣ ಮೊಮ್ಮಗಂದೂ ಒಂದು ಕೇಕಿದೆ. ಆವಾಗ್ಲೂ ಇರ್ತಾರಾ, ಬರೆಯೋರು?"

ಮಾಸ್ತರ ಬಾಯಿ ತೆರೆದ. ಈ ಮಾತಿಗೆ ಉತ್ತರ ಅವನದಾಗಿರಲಿಲ್ಲ. ಅವನು ಪರದೆಯ ಕೆಳಗೆ ಕಾಣುತ್ತಿದ್ದ ಚೀಲದ ಒಂದು ಮೂಲೆಯನ್ನು ನೋಡಿದ, ಆಮೇಲೆ ಪರದೆಯನ್ನು ನೋಡಿದ. ಕೇಕಿನ ತಟ್ಟೆ ಅವನ ಎರಡೂ ಕೈಗಳ ಮೇಲಿತ್ತು.

"ಇರ್ತೀನಿ," ಎಂದಿತು ಪರದೆಯಾಚೆಯ ದನಿ.

ಯಾರೋ ಕಾಲಿನಿಂದ ತಳ್ಳಿದಂತೆ ಚೀಲದ ಮೂಲೆ ಒಳಕ್ಕೆ ಸರಿಯಿತು. ಪರದೆ ಅಲುಗಾಡಿತು. ಕೈಯಲ್ಲಿ ಕ್ರೀಮಿನ ಕೋನು ಹಿಡಿದು, ಬೆರಳಿಗೆ ಅಂಟಿದ್ದನ್ನು ನೆಕ್ಕುತ್ತ, ಗುಬ್ಬಿ ಹೊರಗೆ ಬಂದರು.